ಎಂಟು ಮೈಕುಗಳ ನಡುವೆ ವತ್ಸಲಾಬಾಯಿ

“ಎಂಟೂ ಮೈಕಿನ ಧ್ವನಿ ಇದರೊಳಗ ಬರ್ತದ, ಮಂದಾ! ಯಾವುದು ಎಡಕ್ಕ, ಯಾವುದು ಬಲಕ್ಕ, ಯಾರು ಮುಂದ, ಯಾರು ಹಿಂದ, ಎಲ್ಲಾ ತಾನಽ ನಿರ್ಧಾರ ಮಾಡ್ತದ!” ಎಂದು ನಮ್ಮಣ್ಣ ಶ್ರೀಪಾದ ಹಾರ್ಮೋನಿಯಂನಷ್ಟು ದೊಡ್ಡ ತನ್ನ ಹೊಸ ಯಂತ್ರದ ಬೆನ್ನು ತಟ್ಟಿದ.

“ತಪ್ಪು ಮಾಡಿದರ?”

“ತಪ್ಪು ಮನುಷ್ಯಾರು ಮಾಡ್ತಾರ!”

ಅಂದು ಧಾರವಾಡದ ನಮ್ಮ ಸಂಗೀತ ಸಭಾದಲ್ಲಿ ನನ್ನ ಗುರು ವತ್ಸಲಾಬಾಯಿಯವರ ಗಾಯನ. ಅವರಿಗೆ ಎಪ್ಪತ್ತೆಂಟು. ಜೀವಮಾನವಿಡೀ ಹಾಡಿದರೂ ಅವರದೊಂದು ಧ್ವನಿಮುದ್ರಣವಿರಲಿಲ್ಲ. “ನಮ್ಮಣ್ಣ ಛಲೋ ಮಾಡ್ತಾನ್ರೀ ಬಾಯಾರ” ಎಂದು ದುಂಬಾಲು ಬಿದ್ದು ಒಪ್ಪಿಸಿದವಳು ನಾನೇ.

ವೇದಿಕೆಗೆ ಆರು ಮೈಕು, ಚಪ್ಪಾಳೆ ಹಿಡಿಯಲು ಸಭಿಕರ ನಡುವೆ ಎರಡು. ನಾನು ಬಾಯಿಯವರ ಹಿಂದೆ ಕುಳಿತು ತಂಬೂರಿ ಮೀಟತೊಡಗಿದೆ. ಸ್ಪೀಕರಿನಲ್ಲಿ ತಂಬೂರಿಯೇ ಮಾಯ! ಒಂದೇ ನಾದ ಮತ್ತೆ ಮತ್ತೆ ಬಂದದ್ದರಿಂದ ಫ್ಯಾನಿನ ಸದ್ದೆಂದು ಯಂತ್ರ ಅದನ್ನು ಅಳಿಸಿತ್ತು. ಆಮೇಲೆ ತಬಲಾ ಎಡ ಗೋಡೆಯಿಂದ ಬಲ ಗೋಡೆಗೆ ಓಡಾಡಿತು. ಸಭಿಕರ ಕತ್ತುಗಳೂ ಅದರ ಹಿಂದೆ ತಿರುಗಿದವು. ಅಷ್ಟರಲ್ಲಿ ಬಾಯಿಯವರು ಒಂದೇ ಸ್ವರದ ಮೇಲೆ ದೀರ್ಘವಾಗಿ ನಿಂತರು. ಯಂತ್ರ ಅವರನ್ನೂ ಫ್ಯಾನೆಂದು ತಿಳಿಯಿತು! ಅವರನ್ನು ಇಳಿಸಿ, ಸಭಿಕರ ನಡುವಿನ ಮೈಕುಗಳನ್ನು ಏರಿಸಿತು.

“ಉಪ್ಪಿಟ್ಟು ಈಗ ಕೊಡ್ತಾರೋ, ಮುಗದ ಮ್ಯಾಲೋ?” ಎಂದಿತು ಎಡ ಸ್ಪೀಕರು.

“ಮುದುಕಿ ಮುಗಸಬೇಕಲ್ಲ!” ಎಂದಿತು ಬಲ ಸ್ಪೀಕರು.

ಸಭೆಯೆಲ್ಲ ನಕ್ಕಿತು. ಬಾಯಿಯವರು ಕಣ್ಣು ಮುಚ್ಚಿ ಹಾಡುತ್ತಲೇ ಇದ್ದರು. ನಾನು ಬಂದ್ ಮಾಡೆಂದು ಅಣ್ಣನಿಗೆ ಸನ್ನೆ ಮಾಡಿದೆ. “ತಡೀ, ಈಗ ಕಲೀಲಿಕ್ಕತ್ತದ!” ಎಂದು ಅವನು ಕೂಗಿದ.

ನನ್ನ ಮೈಕಂತೂ ಸತ್ತಿದೆಯಲ್ಲ ಎಂಬ ಧೈರ್ಯದಲ್ಲಿ, ಪಕ್ಕದ ತಂಬೂರಿಯವಳ ಕಿವಿಯಲ್ಲಿ ಪಿಸುಗುಟ್ಟಿದೆ: “ಶ್ರುತಿನೂ ಇಳದದ. ಬಾಯಾರು ಹೋದ ವರ್ಷನಽ ನಿಲ್ಲಸಬೇಕಿತ್ತು.”

ಎರಡೂ ಸ್ಪೀಕರುಗಳಿಂದ, ಸಭಾಂಗಣದ ನಟ್ಟನಡುವೆ, ನನ್ನ ದನಿ ಗುಡುಗಿತು!

ಬಾಯಿಯವರು ಹಾಡು ನಿಲ್ಲಿಸಿ ಹಿಂದಿರುಗಿ ನೋಡಿದರು. “ಖರೆ ಅದ, ಮಂದಾ” ಎಂದರು. ಆ ಮಾತು ಸ್ಪೀಕರಿನಲ್ಲಿ ಬರಲಿಲ್ಲ. ಸಭೆಗೆ ಕೈಮುಗಿದು ವೇದಿಕೆ ಇಳಿದುಹೋದರು.

ಮರುದಿನ ಅಣ್ಣ ಧ್ವನಿಮುದ್ರಣ ಕೇಳಿಸಿದ. “ಎಡಬಲ ಎಷ್ಟು ಸ್ಪಷ್ಟ ಅದ ನೋಡು! ಯಾರು ಯಾವ ಕುರ್ಚಿಮ್ಯಾಲೆ ಕೂತಿದ್ರು, ಅದೂ ಗೊತ್ತಾಗ್ತದ!”

“ಬಾಯಾರು ಎಲ್ಲಿದ್ದಾರ?”

ಅಣ್ಣ ಗುಂಡಿಗಳನ್ನು ತಿರುಗಿಸಿದ, ಮತ್ತೆ ತಿರುಗಿಸಿದ. ಹಾಡಿನ ಒಂದು ಸಾಲೂ ಸಿಗಲಿಲ್ಲ.

ಮುಂದಿನ ಕಚೇರಿಗೆ ಯಂತ್ರ ಬೇಡವೆಂದು ಸಭಾದವರು ತಿಳಿಸಿದರು. ಮುಂದಿನ ಕಚೇರಿಯೇ ಬೇಡವೆಂದು ಬಾಯಿಯವರು ತಿಳಿಸಿದರು.