ಗಾಳಿ ಬಂದಿರುವ ಬಗ್ಗೆ ಮಹಜರು

ಯಂತ್ರವೊಂದು ಲಿಖಿತವಾಗಿ ದೂರು ಕೊಟ್ಟರೆ ಅದನ್ನು ದಾಖಲಿಸಿಕೊಳ್ಳದೆ ಇರುವ ಅಧಿಕಾರ ಯಾವ ಸರ್ಕಾರಿ ನೌಕರನಿಗೂ ಇಲ್ಲ. ಇಪ್ಪತ್ತೆರಡು ವರ್ಷ ಟಪಾಲು ನೋಡಿಕೊಂಡ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ. ಕಾಗದ ಬಂದರೆ ನಂಬರು ಹಾಕುವುದು ನನ್ನ ಕೆಲಸ. ಯಾರು ಬರೆದರು, ಯಾಕೆ ಬರೆದರು ಅಂತ ಕೇಳೋಕೆ ನಾನ್ಯಾರು?

ನಮ್ಮದು ಕಲ್ಮಂಟಿ ಹೋಬಳಿ ಪ್ರಮಾಣಪತ್ರ ಕೇಂದ್ರ. ಎಚ್.ಡಿ. ಕೋಟೆಯಿಂದ ಕಾಕನಕೋಟೆ ಕಾಡಿನ ಕಡೆಗೆ ಹೋಗುವಾಗ ಎಡಗಡೆ ಸಿಗುತ್ತದೆ. ಮೊದಲು ಅದು ಹೊಗೆಸೊಪ್ಪಿನ ಗೋದಾಮು. ಸೊಪ್ಪು ಖಾಲಿಯಾಗಿ ನಾವು ಬಂದೆವು, ಘಾಟು ಮಾತ್ರ ಹೋಗಲಿಲ್ಲ. ಎರಡು ಸಾವಿರದ ಎಂಟನೇ ಇಸವಿಯಲ್ಲಿ ಕೇಂದ್ರಕ್ಕೆ ಲ್ಯಾಪ್‌ಟಾಪ್ ಬಂತು. ಪಟ್ಟಣದ ಹುಡುಗರು ಯುದ್ಧದ ಆಟ ಆಡೋಕೆ ಕೊಳ್ಳುತ್ತಾರಲ್ಲ, ಆ ನಮೂನೆಯದು. ಜಾತಿ, ಆದಾಯದ ಸರ್ಟಿಫಿಕೇಟು ಬರೆಯೋಕೆ ಅಂಥಾದ್ದು ಯಾಕೆ ಅಂತ ಕೆಲವರು ಕೊಂಕು ತೆಗೆದರು. ಖರೀದಿ ಸಮಿತಿಯ ನಡಾವಳಿಯಲ್ಲಿ ಉತ್ತರ ಸ್ಪಷ್ಟವಾಗಿದೆ: ‘ಸದರಿ ಯಂತ್ರದ ಕೀಲಿಗಳು ಕೆಂಪಗೆ ಉರಿಯುವುದರಿಂದ ವಿದ್ಯುತ್ ಹೋದಾಗ ಮೇಣದಬತ್ತಿಯ ಅಗತ್ಯ ಬೀಳುವುದಿಲ್ಲ.’

ಪೂಜೆಗೆ ಒಳ್ಳೆಯ ದಿನ ಸಿಗುವ ತನಕ ಅದು ಎರಡು ತಿಂಗಳು ಗೋದಾಮಿನ ದೂಳಿನಲ್ಲಿ ತೆರೆದೇ ಬಿದ್ದಿತ್ತು. ಮೊದಲ ದಿನ ಬೆಳಿಗ್ಗೆ ಆಪರೇಟರ್ ವಸಂತ್ ಅದನ್ನು ಆನ್ ಮಾಡಿದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂತು. ಫ್ಯಾನು ಕೆಟ್ಟಿದೆ, ಮುಂದುವರಿಯಬೇಕಾದರೆ ಯಾವುದಾದರೂ ಕೀಲಿ ಒತ್ತಿ ಅಂತ ಅದರ ತಾತ್ಪರ್ಯ. ವಸಂತ್ ಒತ್ತೋಕೆ ಹೋದ.

“ಏಯ್, ತಡಿಯಯ್ಯಾ!” ಅಂತ ನಮ್ಮ ಕೇಂದ್ರಾಧಿಕಾರಿ ಶಿವನಂಜಪ್ಪನವರು ಕುರ್ಚಿಯಿಂದ ಎದ್ದೇಬಿಟ್ಟರು. “ಎಚ್ಚರಿಕೆ ಕೊಟ್ಟದೆ. ನೀನು ಓದಿದ್ದೀಯ. ಓದಿಯೂ ಒತ್ತಿ, ನಾಳೆ ಸುಟ್ಟೋದ್ರೆ ಯಾರ ತಲೆಗೆ ಬತ್ತದೆ?”

“ಫ್ಯಾನು ತಿರುಗ್ತಾನೇ ಅದೆ ಸಾರ್. ಇಲ್ಲಿ ಕೈ ಇಡಿ, ಗಾಳಿ ಬತ್ತಾ ಅದೆ.”

ಶಿವನಂಜಪ್ಪನವರು ಪಕ್ಕದ ಕಿಂಡಿಗೆ ಕೈ ಇಟ್ಟು ನೋಡಿದರು. “ಬತ್ತದೆ ಕಣಯ್ಯ. ಆದ್ರೆ ಬತ್ತದೆ ಅನ್ನೋಕೆ ದಾಖಲೆ ಏನದೆ?”

ನಾನು ಪರದೆಯ ಮೇಲಿದ್ದದ್ದನ್ನು ಬಿಳಿಹಾಳೆಯಲ್ಲಿ ನಕಲು ಮಾಡಿ ದೂರು ಅಂತ ನಂಬರು ಹಾಕಿದೆ. ದೂರು ಬಂದ ಮೇಲೆ ಸ್ಥಳ ತನಿಖೆ ಆಗಲೇಬೇಕು. ತನಿಖೆಗೆ ಐದು ಜನ ಪಂಚರು ಬೇಕು. ಎದುರುಗಡೆ ಹೋಟೆಲಿನ ಕುಳ್ಳಯ್ಯ ತಾನೂ ಬಂದು ಜೊತೆಗೆ ನಾಲ್ಕು ಜನರನ್ನು ಕರೆದುಕೊಂಡು ಬಂದ. ಪಂಚರಿಗೆ ಇಡ್ಲಿ ವಡೆ ಕೊಡುವುದು ಮೊದಲಿನಿಂದ ಬಂದ ಪದ್ಧತಿ, ಅದೂ ಕುಳ್ಳಯ್ಯನ ಹೋಟೆಲಿನದೇ. ಮಹಜರನ್ನು ನಾನೇ ಬರೆದೆ:

‘ಕೆಳಗೆ ಸಹಿ ಮಾಡಿರುವ ಪಂಚರಾದ ನಾವು, ಸದರಿ ಲ್ಯಾಪ್‌ಟಾಪಿನ ಎಡಭಾಗದ ಕಿಂಡಿಯ ಮುಂದೆ ನಮ್ಮ ನಮ್ಮ ಬಲಗೈಯನ್ನು ಹಿಡಿಯಲಾಗಿ, ಸಾಧಾರಣ ಬೆಚ್ಚನೆಯ ಗಾಳಿ ಬಂದಿರುತ್ತದೆ. ಸದರಿ ಗಾಳಿಯು ಕಿಟಕಿಯಿಂದ ಬಂದದ್ದಲ್ಲವೆಂದು ಕಿಟಕಿ ಮುಚ್ಚಿಸಿ ಖಾತ್ರಿ ಮಾಡಿಕೊಂಡಿರುತ್ತೇವೆ. ಓದಿಸಿ ಕೇಳಿ, ಸರಿಯೆಂದು ಒಪ್ಪಿ ರುಜು ಮಾಡಿರುತ್ತೇವೆ.’

ಮಹಜರು ಮುಗಿದ ಮೇಲೆ ಯಂತ್ರವನ್ನು ಆರಿಸಿ, ಮತ್ತೆ ಹಚ್ಚಿ, ದೂರು ನಿಂತಿದೆಯೇ ಎಂದು ನೋಡತಕ್ಕದ್ದು ಎಂದು ಶಿವನಂಜಪ್ಪನವರು ನಿಯಮ ಮಾಡಿದರು. ಆರಿಸಿ ಹಚ್ಚಿದೆವು. ಮತ್ತೆ ಅದೇ ದೂರು. ಹೊಸ ದೂರಿಗೆ ಹೊಸ ನಂಬರು, ಹೊಸ ನಂಬರಿಗೆ ಹೊಸ ಮಹಜರು, ಪಂಚರಿಗೆ ಮತ್ತೆ ಇಡ್ಲಿ ವಡೆ. ಅಷ್ಟರಲ್ಲಿ ಸಂಜೆಯಾಯಿತು. ಮಾರನೇ ದಿನವೂ ಇದೇ ಆಯಿತು. “ಪಾಪ, ಮಿಷಿನ್ನು ಬಾಯ್ಬಿಟ್ಟು ಹೇಳ್ಕತ್ತಾ ಅದೆ, ವಿಚಾರಿಸ್ದೆ ಇರಕ್ಕಾಯ್ತದಾ?” ಅಂತ ಕುಳ್ಳಯ್ಯ ವಡೆಗೆ ಇನ್ನೊಂದು ಸೇರು ಉದ್ದು ಹೆಚ್ಚಿಗೆ ನೆನೆಹಾಕತೊಡಗಿದ.

ಇಂಥ ಹೊತ್ತಿನಲ್ಲಿ ಕಾಡಂಚಿನ ಬುಡಕಟ್ಟಿನವರ ಹಾಡಿಯಿಂದ ಚಿಕ್ಕಮಾದಮ್ಮ ಮಗಳು ಸವಿತಾಳನ್ನು ಕರೆದುಕೊಂಡು ಬಂದರು. ಸವಿತಾಗೆ ಮೈಸೂರಿನಲ್ಲಿ ನರ್ಸಿಂಗ್ ಓದೋಕೆ ಸೀಟು ಬಂದಿತ್ತು. ಜೂನ್ ಮೂವತ್ತು, ಸೋಮವಾರ ಸಂಜೆ ಐದರೊಳಗೆ ಜಾತಿ ಸರ್ಟಿಫಿಕೇಟು ಕೊಡದಿದ್ದರೆ ಆ ಸೀಟು ಬೇರೆಯವರಿಗೆ. ಆ ಹಾಡಿಯಲ್ಲಿ ಪಿಯುಸಿ ಪಾಸಾದವಳು ಅವಳೊಬ್ಬಳೇ. ಅರ್ಜಿ ಮಂಜೂರಾಗಿತ್ತು, ಎಲ್ಲ ವರದಿಯೂ ಬಂದಿತ್ತು. ಉಳಿದಿದ್ದದ್ದು ಪ್ರಿಂಟು ತೆಗೆಯುವುದೊಂದೇ.

“ನಾಳೆ ಬಾ ತಾಯಿ,” ಅಂತ ದಿನಾ ಹೇಳಿದೆವು. ಅವರು ದಿನಾ ಬಂದರು. ಹೊರಗಿನ ಜಗಲಿ ಮೇಲೆ ಕೂತು ಚಿಕ್ಕಮಾದಮ್ಮ ಬಿದಿರು ಸೀಳಿ ಮೊರ ಹೆಣೆಯುತ್ತಿದ್ದರು. ಸವಿತಾ ಕಿಟಕಿಯಲ್ಲಿ ನಿಂತು ನಮ್ಮ ತನಿಖೆಯನ್ನು ನೋಡುತ್ತಿದ್ದಳು. ಆರನೇ ದಿನ ಅವಳಿಗೆ ತಡೆಯಲಾಗಲಿಲ್ಲ.

“ಸಾರ್, ಅದರ ಫ್ಯಾನಿಗೆ ಹೊಗೆಸೊಪ್ಪಿನ ದೂಳು ಮೆತ್ಕೊಂಡದೆ. ಬೆಳಿಗ್ಗೆ ಥಂಡಿ ಬೇರೆ. ತಿರುಗೋಕೆ ಎರಡು ಸೆಕೆಂಡು ತಡ ಮಾಡ್ತದೆ. ಅಷ್ಟರೊಳಗೇ ಮಿಷಿನ್ನು ನೋಡ್ಬುಟ್ಟು ಕೆಟ್ಟದೆ ಅಂತದೆ. ಬಿಚ್ಚಿ ಬ್ರಶ್ಶಲ್ಲಿ ದೂಳು ತೆಗೆದ್ರೆ ಸರಿಯೋಯ್ತದೆ.”

ಶಿವನಂಜಪ್ಪನವರು ಕನ್ನಡಕ ತೆಗೆದರು. “ನೀನು ಯಾವ ಇಲಾಖೆಯವಳವ್ವಾ?”

“ನಾನು ಅರ್ಜಿದಾರಳು ಸಾರ್.”

“ಅರ್ಜಿದಾರರು ಅರ್ಜಿ ಕೊಡ್ಬೇಕು, ಅಭಿಪ್ರಾಯ ಕೊಡಂಗಿಲ್ಲ. ಫ್ಯಾನು ಚೆನ್ನಾಗದೆ ಅಂತ ಹನ್ನೊಂದು ಮಹಜರಲ್ಲಿ ಬರ್ದದೆ. ಚೆನ್ನಾಗಿರೋದನ್ನ ರಿಪೇರಿ ಮಾಡ್ಸುದ್ರೆ ಆಡಿಟ್‌ನವ್ರು ನನ್ನ ಸುಮ್ಕೆ ಬುಡ್ತಾರಾ?”

ಮಾತು ನೂರಕ್ಕೆ ನೂರು ಸರಿ. ಕೆಟ್ಟಿದೆ ಅಂತ ದೂರಿರುವುದರಿಂದ ಬಳಸುವಂತಿಲ್ಲ. ಕೆಟ್ಟಿಲ್ಲ ಅಂತ ಮಹಜರಿರುವುದರಿಂದ ರಿಪೇರಿ ಮಾಡುವಂತಿಲ್ಲ. ಹುಡುಗಿ ಮುಖ ಸಣ್ಣ ಮಾಡಿಕೊಂಡು ಜಗಲಿಗೆ ಹೋದಳು. ನನಗೆ ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಅನ್ನೋಕೆ ನಮ್ಮಲ್ಲಿ ನಮೂನೆ ಇಲ್ಲ.

ಶನಿವಾರ ಮಧ್ಯಾಹ್ನ ಶಿವನಂಜಪ್ಪನವರು ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ ಮೇಜು ಕುಟ್ಟಿದರು. “ನಂಜಣ್ಣ! ತೊಂದ್ರೆ ಇರೋದು ಫ್ಯಾನಲ್ಲಲ್ಲ ಕಣಯ್ಯ. ದೂರು ಸುಳ್ಳಾಗಿರೋದ್ರಲ್ಲಿ. ದೂರನ್ನೇ ನಿಜ ಮಾಡ್ಬುಟ್ರೆ ತನಿಖೆ ಮುಗ್ದು, ಗುಂಡಿ ಒತ್ಬೋದಲ್ಲ?”

ಸುಳ್ಳಲ್ಲ, ನಾನು ಎದ್ದು ನಿಂತುಬಿಟ್ಟೆ. ಇಪ್ಪತ್ತೆರಡು ವರ್ಷದಲ್ಲಿ ಇಂಥ ಬುದ್ಧಿ ಯಾವ ಅಧಿಕಾರಿಗೂ ಹೊಳೆದದ್ದನ್ನು ನಾನು ಕಂಡಿರಲಿಲ್ಲ. ‘ಸದರಿ ದೂರಿನಲ್ಲಿ ಸತ್ಯಾಂಶ ಇರುವಂತೆ ಕೂಡಲೇ ಕ್ರಮ ಜರುಗಿಸತಕ್ಕದ್ದು’ ಎಂದು ಆದೇಶವಾಯಿತು. ಸೋಮವಾರ ಬೆಳಿಗ್ಗೆ ವಸಂತ್ ಪಂಚರ ಸಮಕ್ಷಮ ಫ್ಯಾನನ್ನು ಬಿಚ್ಚಿ ತೆಗೆದ. ಅದನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಅರಗಿನ ಮುದ್ರೆ ಒತ್ತಿ ಬೀರುವಿನಲ್ಲಿಟ್ಟೆವು. ಲ್ಯಾಪ್‌ಟಾಪ್ ಹಚ್ಚಿದಾಗ ಎಂದಿನಂತೆ ಫ್ಯಾನು ಕೆಟ್ಟಿದೆ ಅಂತ ಬಂತು.

“ಹೌದು, ಕೆಟ್ಟದೆ,” ಅಂದರು ಶಿವನಂಜಪ್ಪನವರು. “ಸತ್ಯವಾದ ಮಾತು. ಒತ್ತಯ್ಯ.”

ವಸಂತ್ ಒತ್ತಿದ. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮೂರು ನಿಮಿಷಕ್ಕೆ ಲ್ಯಾಪ್‌ಟಾಪ್ ಕಾವು ಏರಿ ತನ್ನಷ್ಟಕ್ಕೆ ಆರಿಹೋಯಿತು. ಸರ್ಟಿಫಿಕೇಟು ತೆಗೆಯೋಕೆ ಐದು ನಿಮಿಷವಾದರೂ ಬೇಕು. ತಣ್ಣಗಾಗೋಕೆ ಬಿಟ್ಟು ಮತ್ತೆ ಹಚ್ಚಿದೆವು, ಮತ್ತೆ ಆರಿತು. ಹೀಗೆ ನಾಲ್ಕು ಸಲ ಆಗುವಷ್ಟರಲ್ಲಿ ಮಧ್ಯಾಹ್ನ ಒಂದು ಗಂಟೆ. ಐದರೊಳಗೆ ಮೈಸೂರಿನ ಆ ಕಾಲೇಜು ತಲುಪಬೇಕಾದರೆ ಒಂದೂವರೆ ಬಸ್ಸೇ ಕೊನೆ. ಸವಿತಾ ಜಗಲಿಯಲ್ಲಿ ಮೊಣಕಾಲಿಗೆ ಮುಖ ಇಟ್ಟು ಅಳುತ್ತಿದ್ದಳು.

ಚಿಕ್ಕಮಾದಮ್ಮ ಎದ್ದರು. ಮೊರ ಹಿಡಿದುಕೊಂಡು ನೆಟ್ಟಗೆ ಒಳಗೆ ಬಂದರು.

“ಒಳಕ್ಕೆ ಬರಂಗಿಲ್ಲ ಕಣಮ್ಮೋ!” ಅಂತ ಕುಳ್ಳಯ್ಯ ಅಡ್ಡ ಬಂದ. ಅವನು ಕಚೇರಿಯವನೇನಲ್ಲ, ಆದರೂ ಅಂದ.

“ಆಚೀಗೋಗ್ಲಾ! ನನ್ ಮಗ್ಳು ಅನ್ನೆರಡ್ ವರ್ಸ ಓದವಳೆ. ನಿಮ್ ಮಿಸಿನ್ನಿಗೆ ಸೆಕೆ ಆಯ್ತದೆ ಅಂತ ಅವಳು ಕಾಡ್ನ ಆಡೀಲಿ ಕೂರ್ಬೇಕಾ? ಸೆಕೆ ಆದ್ರೆ ನಾ ಬೀಸ್ತೀನಿ. ಒತ್ತು ಮಗಾ ಗುಂಡಿಯ!”

ವಸಂತ್ ಒತ್ತಿದ. ಚಿಕ್ಕಮಾದಮ್ಮ ರಾಗಿ ತೂರುವ ರಭಸದಲ್ಲಿ ಬೀಸಿದರು. ಮೇಜಿನ ಮೇಲಿದ್ದ ಮಹಜರುಗಳೆಲ್ಲ ಹಾರಿ ಕಿಟಕಿಯಾಚೆ ಹೋದವು. ಯಾರೂ ಹಿಡಿಯಲಿಲ್ಲ. ಐದನೇ ನಿಮಿಷಕ್ಕೆ ಪ್ರಿಂಟು ಬಂತು, ಶಿವನಂಜಪ್ಪನವರು ನಿಂತುಕೊಂಡೇ ರುಜು ಹಾಕಿದರು. ಸವಿತಾ ಓಡಿದಳು. ನಾಲ್ಕೂ ಮುಕ್ಕಾಲಿಗೆ ಕುಳ್ಳಯ್ಯನ ಹೋಟೆಲಿನ ಕಾಯಿನ್ ಫೋನಿಗೆ ಕರೆ ಬಂತು. ಸೀಟು ಸಿಕ್ಕಿತ್ತು. ನನ್ನ ಕಣ್ಣು ಒದ್ದೆಯಾಯಿತು, ಅದನ್ನು ಮಾತ್ರ ನಾನು ದಾಖಲಿಸಲಿಲ್ಲ.

ಮರುದಿನದಿಂದ ಚಿಕ್ಕಮಾದಮ್ಮನವರನ್ನು ದಿನಗೂಲಿ ಮೇಲೆ ‘ಗಾಳಿ ಸಹಾಯಕಿ’ ಎಂದು ನೇಮಿಸಿಕೊಳ್ಳಲಾಯಿತು. ಗಾಳಿಯನ್ನು ಎಡಗಡೆಯಿಂದಲೇ ಬೀಸತಕ್ಕದ್ದು, ಬೀಸುವಾಗ ಅಧಿಕಾರಿಗಳ ಕಡೆಗೆ ತಿರುಗತಕ್ಕದ್ದಲ್ಲ ಎಂಬ ಎರಡು ನಿಯಮಗಳಾದವು. ಅವರಿಗೆ ಎರಡು ಹೊತ್ತು ಟೀ ಕೊಡುವ ಗುತ್ತಿಗೆ ಕುಳ್ಳಯ್ಯನಿಗೆ ಹೋಯಿತು. ಅರ್ಜಿದಾರರು ಮೊದಲು ಅವರಿಗೆ ಕೈಮುಗಿದು ಆಮೇಲೆ ನಮ್ಮ ಕಡೆ ನೋಡುವುದು ರೂಢಿಯಾಯಿತು. ಸವಿತಾಳ ಹಾಸ್ಟೆಲಿನ ಖರ್ಚು ಆ ಗಾಳಿಯಲ್ಲೇ ನಡೆಯಿತು.

ಮುಂದಿನ ವರ್ಷ ಮೇಲಿನಿಂದ ಹೊಸ ಲ್ಯಾಪ್‌ಟಾಪ್ ಬಂತು. ಹಚ್ಚಿದರೆ ದೂರಿಲ್ಲ, ತಕರಾರಿಲ್ಲ, ಫ್ಯಾನು ತಣ್ಣಗೆ ತಿರುಗಿತು.

“ಏನೂ ಹೇಳ್ತಾನೇ ಇಲ್ವಲ್ಲಯ್ಯ ಇದು,” ಅಂದರು ಶಿವನಂಜಪ್ಪನವರು. “ಏನೂ ಹೇಳ್ದೆ ಇರೋದನ್ನ ಹೆಂಗೆ ನಂಬೋದು?”

ರಜಕ್ಕೆ ಬಂದಿದ್ದ ಸವಿತಾ ಅವತ್ತು ತಾಯಿಯನ್ನು ನೋಡೋಕೆ ಅಂತ ಕಚೇರಿಗೇ ಬಂದಿದ್ದಳು. ಹೊಸ ಲ್ಯಾಪ್‌ಟಾಪನ್ನು ನೋಡಿದಳು. ಮೂಲೆಯಲ್ಲಿ ಸುಮ್ಮನೆ ಕೂತಿದ್ದ ತಾಯಿಯನ್ನು ನೋಡಿದಳು. ಅವಳ ಓದು ಇನ್ನೂ ಎರಡು ವರ್ಷ ಬಾಕಿಯಿತ್ತು.

“ವಸಂತಣ್ಣ, ಸ್ಕ್ರೂಡ್ರೈವರ್ ಕೊಡಿ,” ಅಂದಳು.

ನಾಲ್ಕು ಸ್ಕ್ರೂ ಬಿಚ್ಚಿ, ಫ್ಯಾನನ್ನು ಜೋಪಾನವಾಗಿ ಹೊರಗೆ ತೆಗೆದು ಶಿವನಂಜಪ್ಪನವರ ಮುಂದೆ ಇಟ್ಟಳು. “ಈಗ ಕೆಟ್ಟದೆ ಸಾರ್.”

ಶಿವನಂಜಪ್ಪನವರು ನೆಮ್ಮದಿಯ ಉಸಿರು ಬಿಟ್ಟು, ಈ ಹುಡುಗಿ ಚೆನ್ನಾಗಿ ಓದುತ್ತಾಳೆ ಅಂತ ಎಲ್ಲರಿಗೂ ಕೇಳುವಂತೆ ಹೇಳಿದರು. ಚಿಕ್ಕಮಾದಮ್ಮ ಸೆರಗು ಸಿಕ್ಕಿಸಿಕೊಂಡು ಎಡಗಡೆಗೆ ಬಂದು ಕೂತರು.