ಸನ್ಮೀನಿನ ನಡತೆ

ಕನ್ನಡದಲ್ಲಿ ಕಣ್ಣಿಗೆ ಕಾಣದ ಒಂದು ಅಕ್ಷರವಿದೆ. ೨೦೦೮ರ ಏಪ್ರಿಲ್‌ವರೆಗೆ ಈ ವಿಷಯ ಸದಾಶಿವಗಡದ ಹೀರಾ ತಾಂಡೇಲಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಇಪ್ಪತ್ತು ವರ್ಷ ಒಣಮೀನು ಮಾರಿದ್ದಳು.

ಅವಳ ಮಹಿಳಾ ಸಂಘ ಬಿಸಿಲಲ್ಲಿ ಒಣಗಿಸುವ ಮೀನಿಗೆ ಮಗಳು ಪ್ರಗತಿ 'ಸನ್ ಮೀನು' ಎಂದು ಹೆಸರಿಟ್ಟಿದ್ದಳು. ಮಳೆಗಾಲದೊಳಗೆ ಇಂಟರ್ನೆಟ್ಟಿನಲ್ಲಿ ವಿಳಾಸ ಮಾಡಿಕೊಂಡರೆ ವರ್ಷವಿಡೀ ನಿಮ್ಮದೇ ಮೀನು ಕೊಳ್ಳುತ್ತೇವೆ ಎಂದು ಗೋವಾದ ಹೋಟೆಲಿನವರು ಹೇಳಿದ್ದರು. ವಿಳಾಸ ಕನ್ನಡದಲ್ಲೇ ಇರಲಿ ಎಂದು ಹೀರಾ ಕಾರವಾರದ ಜಾಲನಾಮ ಕನ್ನಡೀಕರಣ ಕೋಶಕ್ಕೆ ಅರ್ಜಿ ಹಾಕಿದಳು.

ಕೋಶದ ಅಧಿಕಾರಿ ಉಮಾಮಹೇಶ್ವರ ಹೆಗಡೆ ವ್ಯಾಕರಣ ಬಲ್ಲವರು, ಮೀನು ಮುಟ್ಟದವರು. ಅರ್ಜಿಯನ್ನು ಎರಡೇ ಬೆರಳಲ್ಲಿ ಹಿಡಿದು ಓದಿದರು.

"ಹೀರಾಬಾಯಿ, ನಿಯಮ ಏಳರ ಪ್ರಕಾರ ಜಾಲನಾಮದ ಮಧ್ಯೆ ಜಾಗ ಬಿಡತಕ್ಕದ್ದಲ್ಲ."

"ಜಾಗ ಬಿಡದಿದ್ರೆ ಮೀನು ಒಣಗೂದು ಹೆಂಗೆ, ಸಾಹೇಬ್ರೆ?"

"ಮೀನಿಗೆ ಬಿಡಿ. ಹೆಸರಿಗೆ ಬೇಡ."

ಜಾಗ ತೆಗೆದದ್ದೇ, 'ನ'ಕಾರದ ಕೆಳಗೆ 'ಮ'ಕಾರ ಒತ್ತಾಗಿ ಜೋತುಬಿದ್ದು 'ಸನ್ಮೀನು' ಆಯಿತು. ಎರಡನ್ನೂ ಬಿಡಿಸಿಡಲು ನಡುವೆ ಒಂದು ಕಾಣದ ಅಕ್ಷರ ಹಾಕಬೇಕೆಂದು ಪ್ರಗತಿ ಹೇಳಿದಳು. ಹೆಗಡೆಯವರು ಒಪ್ಪಿ, ಸದರಿ ಅಕ್ಷರದ ಮುದ್ರಿತ ಪ್ರತಿಯನ್ನು ಅರ್ಜಿಗೆ ಲಗತ್ತಿಸುವಂತೆ ಸೂಚಿಸಿದರು. ಹೀರಾ ಒಂದು ಖಾಲಿ ಹಾಳೆ ಕೊಟ್ಟಳು.

"ದೃಢೀಕರಣ ಇಲ್ವಲ್ಲ."

ಮರುದಿನ ದೃಢೀಕರಿಸಿ ತಂದಳು. ಗೆಜೆಟೆಡ್ ಅಧಿಕಾರಿಯೊಬ್ಬರು ಪ್ರತಿಯನ್ನು ಮೂಲದೊಂದಿಗೆ ಹೋಲಿಸಿ ನೋಡಿಯೇ ಸಹಿ ಹಾಕಿದ್ದರು. ಹಾಳೆ ಕಡತ ಸೇರಿತು. ಆದರೆ ಕಂಪ್ಯೂಟರು ಆ ಅಕ್ಷರವನ್ನು ಹಾಕಿದಾಗಲೆಲ್ಲ ನುಂಗಿ, ಮತ್ತೆ 'ಸನ್ಮೀನು' ಎಂದೇ ತೋರಿಸಿತು.

"ಹೋಗ್ಲಿ, ಅದನ್ನೇ ಕೊಟ್ಟುಬಿಡಿ," ಎಂದಳು ಹೀರಾ. ಹೊರಗೆ ಮೋಡ ಕಟ್ಟತೊಡಗಿತ್ತು.

"ಹಾಗೆಲ್ಲ ಕೊಡ್ಲಿಕ್ಕೆ ಬರೂದಿಲ್ಲ. ಸನ್ಮಿತ್ರ ಅಂದ್ರೆ ಒಳ್ಳೆಯ ಮಿತ್ರ. ಸನ್ಮೀನು ಅಂದ್ರೆ ಒಳ್ಳೆಯ ನಡತೆಯ ಮೀನು. ನಡತೆಗೆ ಆಧಾರ ಎಂತದು?"

ಹೀರಾಳ ಸಿಟ್ಟು ನೆತ್ತಿಗೇರಿತು. "ನಮ್ಮ ಮೀನು ಯಾರಿಗೆ ಎಂತ ಮಾಡಿದೆ?"

"ಅದನ್ನೇ ಸಮಿತಿ ನೋಡ್ತದೆ," ಎಂದರು ಹೆಗಡೆಯವರು ಸಮಾಧಾನದಿಂದ.

ಮೂವರ ಸಮಿತಿ ದಂಡೆಗೆ ಬಂದು, ಗಾಳಿ ಬೀಸುವ ದಿಕ್ಕು ನೋಡಿಕೊಂಡು ಕುರ್ಚಿ ಹಾಕಿಸಿಕೊಂಡಿತು. ವರದಿ ಹೀಗಿತ್ತು: 'ಮೂರು ತಾಸು ಗಮನಿಸಲಾಗಿ, ಸದರಿ ಮೀನುಗಳು ಯಾರೊಡನೆಯೂ ಜಗಳ ತೆಗೆಯಲಿಲ್ಲ. ಕಾಗೆಯೊಂದು ಕೆಣಕಿದಾಗಲೂ ಸಂಯಮ ಕಾಯ್ದುಕೊಂಡವು. ನಡತೆ ತೃಪ್ತಿಕರ.'

ಮೊದಲ ಮಳೆಯ ಹಿಂದಿನ ದಿನ ವಿಳಾಸ ಸಿಕ್ಕಿತು. ಸಮಿತಿಯ ವರದಿಯನ್ನೂ ಪ್ರಗತಿ ಅದರಲ್ಲಿ ಏರಿಸಿದಳು. ಗೋವಾದವರು ಕೇಳಿದ್ದರ ಎರಡು ಪಟ್ಟು ಒಯ್ದರು.

ಕಷ್ಟ ಬಂದದ್ದು ಅಂಕೋಲೆಯ ಪೇಟೆಗೆ. ಅಲ್ಲಿ ಹಸಿಮೀನು ಮಾರುವ ಬೊಬ್ರುವಾಡದ ಹೊನ್ನಿ ಬುಟ್ಟಿ ಇಳಿಸಿದರೆ ಗಿರಾಕಿಗಳು ಬಂಗಡೆಯ ಕಿವಿರು ಎತ್ತಿ ನೋಡುವುದನ್ನೇ ಬಿಟ್ಟು, "ನಡತೆ ಕಾಗದ ಇದೆಯಾ?" ಎಂದು ಕೇಳತೊಡಗಿದರು. ಆಕೆ ಬುಟ್ಟಿ ಹೊತ್ತು ಬಸ್ಸು ಹತ್ತಿ ಕೋಶಕ್ಕೆ ಬಂದಳು. ಬಾಗಿಲಲ್ಲಿ ಆಗಲೇ ಹೊಸ ಪ್ರಕಟಣೆ ಅಂಟಿಸಿದ್ದರು: 'ಒಣಮೀನಿಗೆ ಪ್ರಮಾಣಪತ್ರ ಅದೇ ದಿನ. ಹಸಿಮೀನಿಗೆ ಕಚೇರಿಯಲ್ಲಿ ಮೂರು ದಿನಗಳ ವೀಕ್ಷಣೆ ಕಡ್ಡಾಯ.'

ಹೊನ್ನಿಗೆ ಇದು ನ್ಯಾಯವೆಂದೇ ತೋರಿತು.

"ಮೂರು ದಿನ ಇಟ್ಕೊಳ್ಳಿ ಸಾಹೇಬ್ರೆ," ಎಂದು ಬುಟ್ಟಿಯನ್ನು ಹೆಗಡೆಯವರ ಮೇಜಿನ ಮೇಲೇ ಇಟ್ಟಳು. "ಅಷ್ಟರೊಳಗೆ ಅದರ ಗುಣ ನಿಮಗೆ ಗೊತ್ತಾಗೇ ಆಗ್ತದೆ."

ಹೆಗಡೆಯವರು ರಸೀದಿ ಬರೆದುಕೊಟ್ಟರು.