ಹೊರಗೆ ನಿಲ್ಲು!

"ಪಾಠ ಮಾಡೋಕೆ ಬೇಕಾಗಿರೋದು ಗಂಟಲು ಕಣೇ, ಯಂತ್ರ ಅಲ್ಲ!" ಎಂದು ಅಂದು ಬೆಳಿಗ್ಗೆ ಹೆಂಡತಿಯೆದುರು ಘೋಷಿಸಿದೆ. ಕಪ್ಪುಹಲಗೆಯ ಮುಂದೆ ಸಿಂಹಗರ್ಜನೆ ಮಾಡಿದ ಗಣಿತದ ಮೇಷ್ಟ್ರು ನಾನು. ಯಃಕಶ್ಚಿತ್ ಒಂದು ಲ್ಯಾಪ್‌ಟಾಪಿಗೆ ಹೆದರುವುದುಂಟೇ!

ನಮ್ಮ ಶಾಲೆಯಲ್ಲೇ ವಿಜ್ಞಾನ ಹೇಳಿಕೊಡುವ ನನ್ನ ಹೆಂಡತಿ, ಮನೆಯಲ್ಲಿದ್ದ ಒಂದೇ ಒಂದು ಹೆಡ್‌ಫೋನನ್ನು ನನ್ನ ಮೇಜಿನ ಮೇಲಿಟ್ಟಳು.

"ಹಾಕ್ಕೊಳ್ರೀ. ಇವತ್ತು ಹೆಡ್ಮಾಸ್ಟರು ನಿಮ್ಮ ಕ್ಲಾಸು ನೋಡೋಕೆ ಬರ್ತಾರೆ. ಪಕ್ಕದ ರೂಮಲ್ಲಿ ನನ್ನ ಬಲೂನಿನ ಪಾಠಾನೂ ಇರತ್ತೆ."

"ನಾನೇನು ವಿಮಾನ ಓಡಿಸ್ತೀನಾ? ತಗೊಂಡು ಹೋಗು!"

ಅವಳು ತೆಗೆದುಕೊಂಡು ಹೋಗಲಿಲ್ಲ. ಅವಳ ಕೆಲಸ ಖಾಯಂ, ನನ್ನದಿನ್ನೂ ತಾತ್ಕಾಲಿಕ. ಈ ಪಾಠ ಹೆಡ್ಮಾಸ್ಟರಿಗೆ ಒಪ್ಪಿಗೆಯಾದರೆ ನಾನೂ ಖಾಯಂ, ಇಲ್ಲವಾದರೆ ಮನೆಗೆ. ಬಡಾಯಿ ಎಷ್ಟೇ ಕೊಚ್ಚಿದರೂ ಬೆಳಗಿನಿಂದ ಮೂರು ಸಲ ತಲೆ ಬಾಚಿಕೊಂಡಿದ್ದೆ.

ಆನ್‌ಲೈನ್ ಪಾಠ ಶುರುವಾಯಿತು. ತ್ರಿಕೋನದ ಕೊನೆಯ ಗೆರೆ ಎಳೆಯುವಷ್ಟರಲ್ಲಿ ಕಿಸಕ್ಕನೆ ನಗು!

"ಯಾರದು?"

ಪರದೆಯ ತುಂಬ ಚೌಕ ಚೌಕವಾಗಿ ಕೂತಿದ್ದ ಮಕ್ಕಳು ಮಿಕಮಿಕ ನೋಡಿದರು. ಶಾಲೆಯಲ್ಲಾಗಿದ್ದರೆ ತಿರುಗಿ ನೋಡದೆಯೇ ಕಳ್ಳನನ್ನು ಹಿಡಿಯುತ್ತಿದ್ದೆ. ಬೆಂಚು ಕಿರ್ ಅಂದರೆ ಸಾಕಿತ್ತು. ಇಲ್ಲಿ ಬೆಂಚೂ ಇಲ್ಲ, ಹಿಂದಿನ ಸಾಲೂ ಇಲ್ಲ! ಅಂದಾಜಿನ ಮೇಲೆ ಕನ್ನಡಕದ ಹುಡುಗಿಗೆ "ಹೊರಗೆ ನಿಲ್ಲು!" ಎಂದು ಗುಂಡಿ ಒತ್ತಿದೆ. ಅವಳ ಚೌಕ ಮಾಯವಾಯಿತು.

ಶಾಲೆಯಲ್ಲಿ ಹೊರಗೆ ಹಾಕಿದ ಮಗು ಬಾಗಿಲ ಬಳಿಯೇ ನಿಂತು, ಕತ್ತು ಚಾಚಿ ಪಾಠ ಕೇಳುತ್ತದೆ. ಸ್ವಲ್ಪ ಹೊತ್ತಿಗೆ ನನಗೂ ಕರುಳು ಚುರ್ ಅಂದು ಒಳಗೆ ಕರೆಯುತ್ತೇನೆ. ಇಲ್ಲಿ ಹೊರಗೆ ಹೋದವರು ಎಲ್ಲಿ ನಿಲ್ಲುತ್ತಾರೆ? ಆ ಯೋಚನೆ ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ನಗು ನಿಲ್ಲಲಿಲ್ಲ, ಜೋರಾಯಿತು! ಇನ್ನೊಬ್ಬನನ್ನು ಕಳಿಸಿದೆ. ಮತ್ತೂ ಜೋರು!

"ನಾನಲ್ಲ ಸಾರ್, ದೇವ್ರಾಣೆಗೂ!"

"ಕಳ್ಳನಿಗೊಂದು ಪಿಳ್ಳೆ ನೆವ! ನೀನೂ ಹೊರಗೆ!"

ಕಳಿಸಿದಷ್ಟೂ ಗದ್ದಲ ಏರಿತು. ಈ ಸಂತೆಯೊಳಗೆ ಹೆಡ್ಮಾಸ್ಟರು ಕಾಲಿಟ್ಟರೆ ನನ್ನ ಗತಿ? ಸಿಟ್ಟು ನೆತ್ತಿಗೇರಿ ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ಗುಡಿಸಿ ಹಾಕಿದೆ. ಕೊನೆಗೆ ಮೂಲೆಯಲ್ಲಿ ಮುಖವಿಲ್ಲದ, ಹೆಸರಿಲ್ಲದ ಕಪ್ಪು ಚೌಕವೊಂದು ತೆಪ್ಪಗೆ ಕೂತಿರುವುದು ಕಂಡಿತು. ಆಹಾ, ಸಿಕ್ಕಿಬಿದ್ದೆಯಾ!

"ಮುಖ ತೋರಿಸೋ ಧೈರ್ಯ ಇಲ್ವೇನೋ? ತೊಲಗು!"

"ರೀ ಮೇಷ್ಟ್ರೇ, ನಾನು ಹೆಡ್..." ಎನ್ನುವಷ್ಟರಲ್ಲಿ ನನ್ನ ಬೆರಳು ತನ್ನ ಕೆಲಸ ಮುಗಿಸಿತ್ತು.

ಅಯ್ಯೋ, ಸ್ಟಾಫ್ ರೂಮಿನಲ್ಲಿ ದಿನಾ ಕೇಳುವ ದನಿ! ಪರದೆಯ ಮೇಲೆ ಉಳಿದದ್ದು ನನ್ನದೊಂದೇ ಮುಖ. ಆದರೂ ನಗು ಕೇಳುತ್ತಲೇ ಇತ್ತು, ಗೋಡೆಯ ಆ ಕಡೆಯಿಂದ!

ಬಾಗಿಲು ತೆರೆದು ಹೆಂಡತಿ ಬಂದಳು. ಕೈಯಲ್ಲಿ ಅರ್ಧ ಊದಿದ ಬಲೂನು.

"ಏನ್ರೀ ಇದು? ನಿಮ್ಮ ಮಕ್ಕಳೆಲ್ಲ ನನ್ನ ಕ್ಲಾಸಲ್ಲಿ ತುಂಬ್ಕೊಂಡಿದಾರೆ! ಎಲ್ರ ಹತ್ರಾನೂ ನನ್ನ ಕ್ಲಾಸಿನ ಲಿಂಕ್ ಇದೆಯಲ್ಲ, ಒಬ್ಬೊಬ್ರೇ ಬಂದು ಸೇರ್ಕೊಂಡ್ರು."

"ಹೆ... ಹೆಡ್ಮಾಸ್ಟರು?"

"ಅವರೂ ಬಂದಿದಾರೆ. ಬಲೂನು ಊದ್ತಾ ಕೂತಿದಾರೆ."

"ನನ್ನ ಖಾಯಂ ವಿಷಯ ಏನಾದ್ರೂ ಅಂದ್ರಾ?"

ಹೆಂಡತಿ ಮೇಜಿನ ಮೇಲಿದ್ದ ಹೆಡ್‌ಫೋನನ್ನು ಎತ್ತಿ ಕೊರಳಿಗೆ ಹಾಕಿಕೊಂಡಳು.

"ಅಂದ್ರು. ಸದ್ಯ ನೀವು ಬಾಗಿಲ ಹತ್ರ ನಿಂತು ನನ್ನ ಪಾಠ ಕೇಳ್ಬೇಕಂತೆ. ಒಳಗೆ ಕರೆಯೋದು ಆಮೇಲೆ ನೋಡೋಣ ಅಂದ್ರು!"